ಲ್ಯಾಬಿನ ಲ್ಯಾನ್: ಸಿಮ್ಯುಲೇಶನ್ ಒಂದು ಹೇಳ್ತದೆ, ಅಳತೆ ಇನ್ನೊಂದು ಹೇಳ್ತದೆ. ಯಾವುದನ್ನ ನಂಬೋದು?

ಉಣಕಲ್_ಲ್ಯಾಬ್
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ನಮ್ಮ ಕಂಪ್ಯೂಟರ್ ಲ್ಯಾಬಿನ ಲ್ಯಾನ್ (ಮಷಿನ್‌ಗಳನ್ನು ಜೋಡಿಸುವ ಒಳಗಿನ ನೆಟ್‌ವರ್ಕ್) ಎಷ್ಟು ಭಾರ ತಾಳುತ್ತದೆ ಅಂತ ಸಿಮ್ಯುಲೇಶನ್‌ನಲ್ಲಿ ನೋಡಿ, ಆಮೇಲೆ ನಿಜವಾಗಿ ಅಳೆದು, ಎರಡನ್ನೂ ಹೋಲಿಸುವುದು ನನ್ನ ಪ್ರಾಜೆಕ್ಟ್.

ಲ್ಯಾಬಿನಲ್ಲಿ 40 ಮಷಿನ್ ಇವೆ. ಎಲ್ಲವೂ ಒಂದೇ ಗಿಗಾಬಿಟ್ (ಸೆಕೆಂಡಿಗೆ 1000 ಮೆಗಾಬಿಟ್) ಸ್ವಿಚ್‌ಗೆ ಸೇರಿವೆ. ಅಲ್ಲಿಂದ ಒಂದು ಕೇಬಲ್ ಗೋಡೆ ದಾಟಿ ಸರ್ವರ್ ರೂಮಿನ ಸ್ವಿಚ್‌ಗೆ ಹೋಗುತ್ತದೆ. ಆನ್‌ಲೈನ್ ಇಂಟರ್ನಲ್ಸ್ ದಿನ ಎಲ್ಲರೂ ಒಟ್ಟಿಗೆ 5 ಎಂಬಿಯ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಬೇಕು. ಅದನ್ನೇ ಪರೀಕ್ಷೆಗೆ ಇಟ್ಟುಕೊಂಡೆ.

ಎನ್‌ಎಸ್‌-3 ಅನ್ನೋ ನೆಟ್‌ವರ್ಕ್ ಸಿಮ್ಯುಲೇಟರ್‌ನಲ್ಲಿ ಮಾಡಿದ ಸಿಮ್ಯುಲೇಶನ್‌ನಲ್ಲಿ ಒಂದು ಗಂಟೆ ಕಳೆದರೂ ಎಲ್ಲರಿಗೂ ಫೈಲ್ ಇಳಿಯುವುದಿಲ್ಲ. ನಿಜವಾದ ಲ್ಯಾಬಿನಲ್ಲಿ 17 ಸೆಕೆಂಡಿನ ಆಸುಪಾಸು ಮುಗಿಯುತ್ತದೆ. ಇನ್ನು ನೆಟ್‌ವರ್ಕ್ ವೇಗ ಅಳೆಯುವ ಐಪರ್ಫ್‌3 ಓಡಿಸಿದರೆ ಸೆಕೆಂಡಿಗೆ 941 ಮೆಗಾಬಿಟ್ ತೋರಿಸುತ್ತದೆ, ಅದರ ಪ್ರಕಾರ ಇನ್ನೂ ಬೇಗ ಮುಗಿಯಬೇಕಿತ್ತು. ಮೂರಕ್ಕೆ ಮೂರೂ ತಾಳೆ ಆಗ್ತಿಲ್ಲ. ಸಿಮ್ಯುಲೇಶನ್‌ನಲ್ಲಿ ಸಿಎಸ್‌ಎಂಎ ಚಾನೆಲ್ ಇಟ್ಟಿದ್ದೇನೆ, ಅಂದ್ರೆ ಎಲ್ಲರೂ ಹಂಚಿಕೊಳ್ಳುವ ಒಂದೇ ತಂತಿ. ವೇಗ 10 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಡಿಲೇ (ಸಿಗ್ನಲ್ ಆ ತುದಿ ಮುಟ್ಟುವ ಹೊತ್ತು) 10 ಮಿಲಿಸೆಕೆಂಡ್. ಹಳೆಯ ಎನ್‌ಎಸ್‌-2 ಲ್ಯಾಬ್ ಪ್ರೋಗ್ರಾಂಗಳಲ್ಲಿ ಇರುವುದೇ ಈ ಲೆಕ್ಕ.

ಬೆಟಗೇರಿ_ಪ್ರೆಸ್
ತಂಗಿ, ಗದಗದಲ್ಲಿ ನಮ್ಮದು ಪ್ರಿಂಟಿಂಗ್ ಪ್ರೆಸ್. ನೆಟ್‌ವರ್ಕ್ ನಾನೇ ನೋಡಿಕೊಳ್ಳೋದು. ನನಗೆ ಈ ಸಿಮ್ಯುಲೇಶನ್ನೇ ಅರ್ಥ ಆಗಲ್ಲ. ಲ್ಯಾಬ್ ಕಣ್ಣೆದುರಿಗೇ ಇದೆ, ಸುಮ್ನೆ ಅಳೆದು ಬರೆದು ಕೊಡು. ಇನ್ನೂ ಬೇಕಂದ್ರೆ ಕ್ಯಾಲ್ಕುಲೇಟರ್ ತಗೋ. 40 ಮಷಿನ್, ತಲಾ 5 ಎಂಬಿ, ಒಟ್ಟು 200 ಎಂಬಿ. ಬೈಟ್‌ಗೆ 8 ಬಿಟ್, ಬಿಟ್‌ಗೆ ತಂದ್ರೆ 1600 ಮೆಗಾಬಿಟ್. 941ರಿಂದ ಭಾಗಿಸಿದರೆ 1.7 ಸೆಕೆಂಡ್. ಇದಕ್ಕೆ ಎನ್‌ಎಸ್‌-3 ಯಾಕೆ?

ಮಾಳಮಡ್ಡಿ_ಮೇಷ್ಟ್ರು
ಪ್ರೆಸ್ಸಿನವರ ಲೆಕ್ಕ ಸರಿ. ಅದನ್ನ ಯಾರೂ ಬಿಡಬಾರದು, ಮೊದಲು ಕಾಗದದ ಮೇಲೆ ಭಾಗಾಕಾರ ಮಾಡಲೇಬೇಕು. ಸಿಮ್ಯುಲೇಶನ್ ಬೇಡ ಅನ್ನೋದನ್ನ ಮಾತ್ರ ಒಪ್ಪಲ್ಲ. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಆ 10 ಮಿಲಿಸೆಕೆಂಡ್ ನೋಡೋಣ.

ತಾಮ್ರದ ತಂತಿಯಲ್ಲಿ ಸಿಗ್ನಲ್ ಸೆಕೆಂಡಿಗೆ ಹೆಚ್ಚುಕಡಿಮೆ 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಿದ್ದರೆ 10 ಮಿಲಿಸೆಕೆಂಡಿನಲ್ಲಿ 2000 ಕಿಲೋಮೀಟರ್ ಆಯ್ತು. ನಿಮ್ಮ ಲ್ಯಾಬಿನಲ್ಲಿ ದಿಲ್ಲಿ ಮುಟ್ಟುವಷ್ಟು ಕೇಬಲ್ ಇದೆ ಅಂತ ಸಿಮ್ಯುಲೇಟರ್‌ಗೆ ಹೇಳಿದ್ದೀರಿ! ಹುಬ್ಬಳ್ಳಿಯಿಂದ ಧಾರವಾಡದವರೆಗೆ 20 ಕಿಲೋಮೀಟರ್ ಫೈಬರ್ ಎಳೆದರೂ 0.1 ಮಿಲಿಸೆಕೆಂಡೇ ಆಗೋದು. ಲ್ಯಾಬಿನ ಒಂದು ಕೇಬಲ್ 100 ಮೀಟರ್ ಮೀರುವಂತಿಲ್ಲ, ಅಂದ್ರೆ ಅರ್ಧ ಮೈಕ್ರೋಸೆಕೆಂಡ್. ಎನ್‌ಎಸ್‌-3ರ ಟ್ಯುಟೋರಿಯಲ್‌ನಲ್ಲೇ ಸಿಎಸ್‌ಎಂಎ ಉದಾಹರಣೆಗೆ 6560 ನ್ಯಾನೋಸೆಕೆಂಡ್ ಇಟ್ಟಿದ್ದಾರೆ, ನೋಡಿ.

ಇದರ ಏಟು ಎಷ್ಟು ಅಂತಲೂ ಲೆಕ್ಕ ಹಾಕಬಹುದು. ಎನ್‌ಎಸ್‌-3ರ ಸಿಎಸ್‌ಎಂಎ ಚಾನೆಲ್‌ನಲ್ಲಿ ಒಂದು ಪ್ಯಾಕೆಟ್ (ಡೇಟಾದ ತುಂಡು) ಆ ತುದಿ ಮುಟ್ಟುವ ತನಕ ತಂತಿ ಬಿಡುವಾಗಲ್ಲ. ಪ್ರತಿ ಪ್ಯಾಕೆಟ್ಟೂ 10 ಮಿಲಿಸೆಕೆಂಡ್ ತಂತಿ ಹಿಡಿದು ಕೂತರೆ ಸೆಕೆಂಡಿಗೆ 100 ಪ್ಯಾಕೆಟ್ ಕೂಡ ಹೋಗಲ್ಲ. ಎನ್‌ಎಸ್‌-3ರಲ್ಲಿ ಟಿಸಿಪಿ (ಡೇಟಾ ಮುಟ್ಟಿತಾ ಅಂತ ನೋಡಿಕೊಂಡು ಕಳಿಸುವ ಪದ್ಧತಿ) ಒಂದು ಸಲಕ್ಕೆ ಕಳಿಸುವ ತುಂಡಿನ, ಅಂದ್ರೆ ಸೆಗ್ಮೆಂಟಿನ, ಗಾತ್ರ ನೀವು ಬದಲಿಸದಿದ್ದರೆ 536 ಬೈಟ್ ಇರುತ್ತದೆ. 536 ಬೈಟ್ ಗುಣಿಸು 100, ಸೆಕೆಂಡಿಗೆ 0.43 ಮೆಗಾಬಿಟ್. ಮುಟ್ಟಿತು ಅಂತ ವಾಪಸ್ ಬರುವ ಅಕ್ನಾಲೆಜ್‌ಮೆಂಟ್‌ಗಳೂ ಅದೇ ತಂತಿಯ ಪಾಲು ಕೇಳುತ್ತವೆ. 1600 ಮೆಗಾಬಿಟ್‌ಗೆ ಗಂಟೆ ಮೀರದೆ ಇನ್ನೇನು? ಸಿಮ್ಯುಲೇಟರ್ ಸುಳ್ಳು ಹೇಳಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ.

ಉಣಕಲ್_ಲ್ಯಾಬ್
ಸರ್, 10 ಮಿಲಿಸೆಕೆಂಡ್ ಅಂದ್ರೆ ಎಷ್ಟು ದೂರ ಅಂತ ಕ್ಲಾಸಿನಲ್ಲಿ ಯಾರೂ ಕೇಳಿರಲಿಲ್ಲ. ಇನ್ನೊಂದು ಡೌಟ್. ಲ್ಯಾನ್‌ನಲ್ಲಿ ಕೊಲಿಷನ್‌ನಿಂದಾಗಿ (ಇಬ್ಬರು ಒಟ್ಟಿಗೆ ಕಳಿಸಿ ಡಿಕ್ಕಿ ಆಗೋದು) 37 ಶೇಕಡಾಕ್ಕಿಂತ ಜಾಸ್ತಿ ಬಳಸೋಕಾಗಲ್ಲ ಅಂತ ನೋಟ್ಸ್‌ನಲ್ಲಿದೆ. ಹಾಗಾದ್ರೆ ಐಪರ್ಫ್‌ನಲ್ಲಿ 94 ಹೇಗೆ ಬಂತು?

ರಾಣೇಬೆನ್ನೂರ್_ರೂಟರ್
ಆ 37ರ ಮೂಲ ಈಥರ್ನೆಟ್ (ಕೇಬಲ್ ಲ್ಯಾನ್‌ನ ಪದ್ಧತಿ) ಅಲ್ಲ. ಹವಾಯಿಯ ಅಲೋಹಾ ರೇಡಿಯೋ ನೆಟ್‌ವರ್ಕಿನ ಗಣಿತದಲ್ಲಿ, ಸ್ಲಾಟ್ ಇಟ್ಟ ಅಲೋಹಾಗೆ ಬರುವ ಗರಿಷ್ಠ 36.8 ಶೇಕಡಾ. ಸ್ಲಾಟ್ ಇಲ್ಲದಿದ್ದರೆ ಅದರ ಅರ್ಧ. ಅಲೋಹಾದಲ್ಲಿ ಯಾರೂ ಚಾನೆಲ್ ಖಾಲಿ ಇದೆಯಾ ಅಂತ ಕೇಳಿಸಿಕೊಳ್ಳದೆ ಕಳಿಸುತ್ತಾರೆ. ಈಥರ್ನೆಟ್‌ನಲ್ಲಿ ಕೇಳಿಸಿಕೊಂಡು ಕಳಿಸುತ್ತಾರೆ. ಎರಡಕ್ಕೂ ಒಂದೇ ಲೆಕ್ಕ ಹಚ್ಚಿದರೆ ಹೇಗೆ?

ಇದು ಹೊಸ ಜಗಳವೇನಲ್ಲ. 1973ರಲ್ಲಿ ಜೆರಾಕ್ಸ್‌ನ ಪಾರ್ಕ್ ಲ್ಯಾಬಿನಲ್ಲಿ ಮೆಟ್‌ಕಾಫ್ ಮತ್ತು ಬಾಗ್ಸ್ ಈಥರ್ನೆಟ್ ಶುರು ಮಾಡಿದರು. ಆಗಿನ ವೇಗ 2.94 ಎಂಬಿಪಿಎಸ್. ಮುಂದಿನ ವರ್ಷಗಳಲ್ಲಿ ಸುಮಾರು ಜನ ಸೂತ್ರ ಹಚ್ಚಿ, ಸಿಮ್ಯುಲೇಶನ್ ಮಾಡಿ, ಲೋಡ್ ಜಾಸ್ತಿ ಆದರೆ ಈಥರ್ನೆಟ್ ಕುಸಿದುಬೀಳುತ್ತದೆ ಅಂತ ಬರೆದರು. 1988ರಲ್ಲಿ ಅದೇ ಬಾಗ್ಸ್, ಜೊತೆಗೆ ಮೊಗಲ್ ಮತ್ತು ಕೆಂಟ್, ನಿಜವಾದ 10 ಎಂಬಿಪಿಎಸ್ ಈಥರ್ನೆಟ್‌ಗೆ ಮಷಿನ್‌ಗಳನ್ನು ಹಚ್ಚಿ ಅಳೆದೇ ತೋರಿಸಿದರು. ದೊಡ್ಡ ಪ್ಯಾಕೆಟ್ ಕಳಿಸಿದರೆ ಎಲ್ಲರೂ ಒಟ್ಟಿಗೆ ನುಗ್ಗಿದರೂ ತಂತಿಯ ಬಹುಪಾಲು ಉಪಯೋಗಕ್ಕೆ ಬರುತ್ತದೆ, ಪ್ಯಾಕೆಟ್ ಸಣ್ಣದಿದ್ದಾಗ ಮಾತ್ರ ಇಳಿಯುತ್ತದೆ. ಸೂತ್ರ ಬರೆದವರ ಗಣಿತ ಸರಿಯಾಗೇ ಇತ್ತು. ಅವರು ಇಟ್ಟುಕೊಂಡ ಊಹೆಗಳು ನಿಜವಾದ ಲ್ಯಾನ್‌ಗೆ ಹೊಂದುತ್ತಿರಲಿಲ್ಲ.

ಇನ್ನು ನಿಮ್ಮ ಲ್ಯಾಬಿನಲ್ಲಿ ಕೊಲಿಷನ್ ಅನ್ನೋದೇ ಇಲ್ಲ. ಸ್ವಿಚ್, ಫುಲ್ ಡ್ಯೂಪ್ಲೆಕ್ಸ್. ಬಿಆರ್‌ಟಿಎಸ್ ರಸ್ತೆಯಲ್ಲಿ ಚಿಗರಿ ಬಸ್ಸಿಗೆ ಅದರದ್ದೇ ಲೇನ್ ಇದ್ದ ಹಾಗೆ, ಪ್ರತಿ ಮಷಿನ್‌ಗೂ ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಅದಕ್ಕೇ 40 ಮಷಿನ್ ಒಂದೇ ಸಿಎಸ್‌ಎಂಎ ಚಾನೆಲ್‌ಗೆ ಹಾಕಬೇಡಿ. ಪ್ರತಿ ಪೋರ್ಟಿಗೂ ಒಂದು ಚಾನೆಲ್ ಕೊಟ್ಟು ನಡುವೆ ಸ್ವಿಚ್‌ನ ಕೆಲಸ ಮಾಡುವ ಬ್ರಿಡ್ಜ್ ಇಡಿ. ಎನ್‌ಎಸ್‌-3ರ ಸಿಎಸ್‌ಎಂಎ ಹಳೆಯ ಈಥರ್ನೆಟ್‌ನ ತದ್ರೂಪವೂ ಅಲ್ಲ ಅನ್ನೋದು ನೆನಪಿರಲಿ. ಅದರಲ್ಲಿ ಒಬ್ಬರು ಕಳಿಸೋಕೆ ಶುರು ಮಾಡಿದ್ದು ಮಿಕ್ಕವರಿಗೆ ಆ ಕ್ಷಣಕ್ಕೇ ಗೊತ್ತಾಗುತ್ತದೆ, ಹಾಗಾಗಿ ಅಲ್ಲಿ ಕೊಲಿಷನ್ ಆಗೋದೇ ಇಲ್ಲ. ಕೊಲಿಷನ್ ಗ್ರಾಫ್ ಬೇಕು ಅಂತ ಅದನ್ನ ಓಡಿಸಿ ಕಾದರೆ ಏನೂ ಸಿಗಲ್ಲ.

941 ಬಂದದ್ದು ಹೇಗೆ ಅಂತಲೂ ಹೇಳಿಬಿಡ್ತೀನಿ. ಒಂದು ದೊಡ್ಡ ಫ್ರೇಮ್ ತಂತಿಯ ಮೇಲೆ 1538 ಬೈಟ್ ಜಾಗ ತಿನ್ನುತ್ತದೆ. ಒಳಗಿನ ಐಪಿ ಪ್ಯಾಕೆಟ್ 1500, ಈಥರ್ನೆಟ್ ಹೆಡರ್ 14, ಚೆಕ್‌ಸಮ್ 4, ಮುಂದಿನ ಪ್ರಿಯಾಂಬಲ್ 8, ಹಿಂದೆ ಬಿಡುವ ಖಾಲಿ ಜಾಗ 12. ಆ 1500ರಲ್ಲಿ ಐಪಿಗೆ 20, ಟಿಸಿಪಿಗೆ 20, ಟೈಮ್‌ಸ್ಟ್ಯಾಂಪ್‌ಗೆ 12 ಹೋದರೆ ನಿಮ್ಮ ಡೇಟಾ 1448. ಇದನ್ನ 1538ರಿಂದ ಭಾಗಿಸಿದರೆ 0.9415. ಗಿಗಾಬಿಟ್‌ನಲ್ಲಿ 941 ಬಂತು ಅಂದ್ರೆ ಆ ತಂತಿ ಪೂರ್ತಿ ಕೆಲಸ ಮಾಡ್ತಿದೆ ಅಂತ. 1000 ಬರಲಿಲ್ಲ ಅಂತ ಎಷ್ಟೋ ಜನ ಸ್ವಿಚ್ಚನ್ನೇ ಬದಲಾಯಿಸ್ತಾರೆ, ಪಾಪ.

ಕೊಪ್ಪಿಕರ್_ಕ್ರಿಂಪರ್
ನಾನು ಕೇಬಲ್ ಎಳೆಯೋನು, ನಿಮ್ಮ ಸೂತ್ರ ಗೀತ್ರ ನನಗೆ ಬರಲ್ಲ. ಒಂದೇ ಪ್ರಶ್ನೆ ತಂಗಿ: ಆ 941 ಅಳೆದದ್ದು ಎಲ್ಲಿಂದ ಎಲ್ಲಿಗೆ?

ಉಣಕಲ್_ಲ್ಯಾಬ್
ಲ್ಯಾಬಿನಲ್ಲಿ ನನ್ನ ಮಷಿನ್‌ನಿಂದ ಪಕ್ಕದ ಮಷಿನ್‌ಗೆ ಅಣ್ಣ.

ಕೊಪ್ಪಿಕರ್_ಕ್ರಿಂಪರ್
ಪ್ರಶ್ನೆಪತ್ರಿಕೆ ಪಕ್ಕದ ಮಷಿನ್‌ನಿಂದ ಬರುತ್ತಾ? ಗೋಡೆಯ ಆ ಕಡೆಯಿಂದ ಬರುತ್ತೆ. ಆ ಕೇಬಲ್ ದಾಟಿ ಅಳೀರಿ. ಪ್ರೆಸ್ಸಿನವರು 1.7 ಅಂದ್ರು, ನಿಮಗೆ 17 ಬಂದಿದೆ. ಸರಿಯಾಗಿ ಹತ್ತು ಪಟ್ಟು. ಹತ್ತು ಪಟ್ಟು ಅಂದಾಗ ನನಗೆ ಒಂದೇ ಅನುಮಾನ, ಆ ಲಿಂಕ್ 1000ದಿಂದ 100 ಮೆಗಾಬಿಟ್‌ಗೆ ಇಳಿದು ಕೂತಿದೆ.

ಗಿಗಾಬಿಟ್‌ಗೆ ಕೇಬಲಿನ ನಾಲ್ಕೂ ಜೋಡಿ ಬೇಕು. 100ಕ್ಕೆ ಎರಡೇ ಜೋಡಿ ಸಾಕು, 1, 2, 3, 6ನೇ ಪಿನ್. ನೀಲಿ ಜೋಡಿ 4-5ಕ್ಕೆ ಬರುತ್ತೆ, ಕಂದು ಜೋಡಿ 7-8ಕ್ಕೆ. ಇವೆರಡರಲ್ಲಿ ಒಂದು ತಂತಿ ಕನೆಕ್ಟರ್ ಒಳಗೆ ಸರಿಯಾಗಿ ಕೂರದಿದ್ದರೆ ಕೆಲವು ಸ್ವಿಚ್‌ಗಳಲ್ಲಿ ಲಿಂಕ್ ಏಳೋದೇ ಇಲ್ಲ. ಕೆಲವು ತಾವೇ ತೆಪ್ಪಗೆ 100ಕ್ಕೆ ಇಳಿದುಬಿಡುತ್ತವೆ. ನೆಟ್ ನಡೀತಾನೇ ಇರುತ್ತೆ, ಯಾರಿಗೂ ಗೊತ್ತಾಗಲ್ಲ. ಸ್ವಿಚ್‌ನ ದೀಪ ನೋಡಿ. ಯಾವ ಬಣ್ಣ ಯಾವ ವೇಗಕ್ಕೆ ಅನ್ನೋದು ಕಂಪನಿಗೊಂದು ಥರ, ಸ್ವಿಚ್ ಮೇಲೇ ಅಚ್ಚು ಹಾಕಿರ್ತಾರೆ.

ಬ್ಯಾಡಗಿ_ಬಿಲ್ಲಿಂಗ್
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಬಿಲ್ಲಿಂಗ್ ಮಷಿನ್ ಎಲ್ಲವೂ ವೈಫೈ ಮೇಲಿವೆ. ಮಾರ್ಕೆಟ್ ದಿನ ಬಿಲ್ ಸೇವ್ ಆಗೋಕೆ ನಿಮಿಷಗಟ್ಟಲೆ. ಈ ಚರ್ಚೆ ನೋಡಿ ನಾನೂ ಐಪರ್ಫ್‌3 ಹಾಕಿ ಯುಡಿಪಿ (ಮುಟ್ಟಿತಾ ಅಂತ ನೋಡದೆ ಕಳಿಸುವ ಪದ್ಧತಿ) ಟೆಸ್ಟ್ ಮಾಡಿದೆ. ಬರೀ 1.05 ಎಂಬಿಪಿಎಸ್ ತೋರಿಸ್ತು! ರೌಟರ್ ಸತ್ತಿದೆಯಾ?

ರಾಣೇಬೆನ್ನೂರ್_ರೂಟರ್
ರೌಟರ್ ಚೆನ್ನಾಗೇ ಇರಬಹುದು ಸಾಹುಕಾರ್ರೆ. ಯುಡಿಪಿಯಲ್ಲಿ ಎಷ್ಟು ಕಳಿಸಬೇಕು ಅಂತ ನೀವು ಹೇಳದಿದ್ದರೆ ಐಪರ್ಫ್‌3 ಸೆಕೆಂಡಿಗೆ 1 ಮೆಗಾಬಿಟ್ಟೇ ಕಳಿಸೋದು. ಕಳಿಸಿದ್ದೇ ಅಷ್ಟು, ಮುಟ್ಟಿದ್ದೂ ಅಷ್ಟು. ಮೈನಸ್ ಬಿ (ಕಳಿಸುವ ವೇಗ ಹೇಳುವ ಆಯ್ಕೆ) ಕೊಟ್ಟು 20, 50, 100 ಮೆಗಾಬಿಟ್ ಅಂತ ಏರಿಸಿ. ಎಲ್ಲಿಂದ ಪ್ಯಾಕೆಟ್ ಕಳೆದುಹೋಗೋಕೆ ಶುರು ಆಗುತ್ತೋ ನೋಡಿ. ಅದೂ ಮಾರ್ಕೆಟ್ ದಿನವೇ ಮಾಡಬೇಕು. ಅಂಗಡಿ ಖಾಲಿ ಇದ್ದಾಗ ಅಳೆದದ್ದು ಏನಕ್ಕೂ ಬರಲ್ಲ.

ವೈಫೈನಲ್ಲಿ ಸಾಮಾನ್ಯವಾಗಿ ಒಂದು ಚಾನೆಲ್ ಮೇಲೆ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು. ಅಕ್ಕಪಕ್ಕದ ಅಂಗಡಿಯವರ ವೈಫೈ ಅದೇ ಚಾನೆಲ್‌ನಲ್ಲಿದ್ದರೆ ಅವರೂ ಆ ಸರದಿಗೆ ಬರ್ತಾರೆ. ಬಂದವರ ಫೋನ್‌ಗಳೂ ಬರ್ತಾವೆ. ಬಾಕ್ಸಿನ ಮೇಲೆ ಬರೆದ ವೇಗದಲ್ಲಿ ಅರ್ಧ ಸಿಕ್ಕರೂ ಖುಷಿಪಡಿ. ಬಿಲ್ಲಿಂಗ್ ಮಷಿನ್‌ಗೆ ಕೇಬಲ್ ಎಳೆಸಿ, ವೈಫೈ ಫೋನ್‌ಗಿರಲಿ.

ಬೆಟಗೇರಿ_ಪ್ರೆಸ್
ನಮ್ಮಲ್ಲೂ ಇಂಥದ್ದೇ ಗೋಳು ಇತ್ತು. ಸಿಟಿಪಿಗೆ (ಪ್ರಿಂಟಿಂಗ್ ಪ್ಲೇಟ್ ಮಾಡೋ ಮಷಿನ್) ಹೋಗೋ ಫೈಲ್ ಕಾಪಿ ಆಗೋಕೆ ಬಹಳ ಹೊತ್ತು. ಎಲ್ಲರೂ ನೆಟ್‌ವರ್ಕನ್ನೇ ಬೈತಿದ್ದರು. ಐಪರ್ಫ್‌ನಲ್ಲಿ 940 ಚಿಲ್ಲರೆ ಬರ್ತಿತ್ತು, ಅಂದ್ರೆ ಸೆಕೆಂಡಿಗೆ 117 ಎಂಬಿ. ಫೈಲ್ ಕಾಪಿ ಮಾತ್ರ ಅದರ ಕಾಲು ಭಾಗವೂ ಇಲ್ಲ. ಐಪರ್ಫ್ ಡಿಸ್ಕ್ ಮುಟ್ಟೋದೇ ಇಲ್ಲ, ಮೆಮೊರಿಯಿಂದ ಮೆಮೊರಿಗೆ ಕಳಿಸುತ್ತೆ. ಕಡೆಗೆ ನೋಡಿದರೆ ಹಳೇ ಹಾರ್ಡ್‌ಡಿಸ್ಕ್, ಅದರ ಮೇಲೆ ಸಾವಿರಾರು ಸಣ್ಣ ಫೈಲ್. ನೆಟ್‌ವರ್ಕ್ ಸುಮ್ನೆ ಬೈಗುಳ ತಿಂತಿತ್ತು.

ಉಣಕಲ್_ಲ್ಯಾಬ್
ಸರ್ವರ್‌ಗೆ ಅಳೆದೆ. 94.1 ಬಂತು! ಸರ್ವರ್‌ನಲ್ಲಿ ಲಿಂಕ್ ವೇಗ ತೋರಿಸುವ ಎತ್‌ಟೂಲ್ 1000 ಅಂತಲೇ ತೋರಿಸುತ್ತೆ, ನನ್ನ ಮಷಿನ್‌ನಲ್ಲೂ 1000. ಎರಡು ಸ್ವಿಚ್‌ಗಳ ನಡುವಿನ ಪೋರ್ಟಿನಲ್ಲಿ ಮಾತ್ರ ದೀಪದ ಬಣ್ಣ ಬೇರೆ. ಲ್ಯಾಬ್ ಅಸಿಸ್ಟೆಂಟ್ ಟೆಸ್ಟರ್ ತಂದು ಹಚ್ಚಿದರು. ಒಂದು, ಎರಡು, ಮೂರು ಹತ್ತಿದವು, ನಾಲ್ಕು ಹತ್ತಲಿಲ್ಲ, ಐದಕ್ಕೆ ಹೋಯ್ತು. ಕನೆಕ್ಟರ್ ಬಿಚ್ಚಿ ನೋಡಿದರೆ ನೀಲಿ ತಂತಿ ಉಳಿದವಕ್ಕಿಂತ ಸ್ವಲ್ಪ ಗಿಡ್ಡ, ತುದಿ ಮುಟ್ಟೇ ಇಲ್ಲ. ಹೊಸ ಕನೆಕ್ಟರ್ ಒತ್ತಿ ಕೂರಿಸಿ (ಕ್ರಿಂಪ್ ಮಾಡಿ) ಅಳೆದ ಮೇಲೆ 941.

ಈಗ 40 ಮಷಿನ್‌ನಲ್ಲಿ ಕೊನೆಯದ್ದು 2 ಸೆಕೆಂಡ್ ಚಿಲ್ಲರೆಗೆ ಮುಗಿಸುತ್ತದೆ. ಮೇಷ್ಟ್ರು ಮತ್ತು ರಾಣೇಬೆನ್ನೂರಿನವರು ಹೇಳಿದಂತೆ ಡಿಲೇ, ವೇಗ, ಸೆಗ್ಮೆಂಟ್ ಗಾತ್ರ ಬದಲಿಸಿ, ಬ್ರಿಡ್ಜ್ ಇಟ್ಟು ಓಡಿಸಿದರೆ ಸಿಮ್ಯುಲೇಶನ್ ಕೂಡ 2ಕ್ಕಿಂತ ಸ್ವಲ್ಪ ಕಡಿಮೆ ಹೇಳುತ್ತದೆ.

ಬೆಟಗೇರಿ_ಪ್ರೆಸ್
ನೋಡಿದ್ರಾ? ಹಿಡಿದದ್ದು ಕ್ಯಾಲ್ಕುಲೇಟರ್ ಮತ್ತು ಟೆಸ್ಟರ್. ಸಿಮ್ಯುಲೇಶನ್ ಎಲ್ಲಿ ಬಂತು?

ಮಾಳಮಡ್ಡಿ_ಮೇಷ್ಟ್ರು
ಈ ಸುತ್ತಿನಲ್ಲಿ ನಿಮ್ಮದೇ ಗೆಲುವು, ಒಪ್ಪಿದೆ. ಆದರೆ ಭಾಗಾಕಾರ ಉತ್ತರ ಕೊಡೋದು ನೆಟ್‌ವರ್ಕ್ ಪೂರ್ತಿ ತುಂಬಿ ಹರಿಯುವಾಗ ಮಾತ್ರ. ಈಗ ಪರೀಕ್ಷೆ ಮುಗಿಯುವ ಹೊತ್ತನ್ನು ನೋಡಿ. ಮೇಲ್ವಿಚಾರಕರು ಟೈಮ್ ಮುಗೀತು ಅಂತಾರೆ, 40 ಜನ ಒಂದೇ ಸಲ ಉತ್ತರದ ಫೈಲ್ ಅಪ್‌ಲೋಡ್ ಒತ್ತುತ್ತಾರೆ.

ಇಳಿಸುವಾಗ ಸರ್ವರ್‌ನ ಒಂದೇ ಗಿಗಾಬಿಟ್ ಪೋರ್ಟಿನಿಂದ ಹೊರಟದ್ದು 40 ದಾರಿಗೆ ಹಂಚಿಹೋಗುತ್ತದೆ. ಏರಿಸುವಾಗ 40 ಗಿಗಾಬಿಟ್ ಪೋರ್ಟು ಸೇರಿ ಒಂದು ಗಿಗಾಬಿಟ್ ಕೇಬಲ್ ಮೇಲೆ ಬೀಳುತ್ತವೆ. ಈಗಿನ ಟಿಸಿಪಿ ಮೊದಲ ಉಸಿರಿಗೇ 10 ಸೆಗ್ಮೆಂಟ್ ಕಳಿಸಬಹುದು, 2013ರಲ್ಲಿ ಪ್ರಯೋಗಕ್ಕೆಂದು ಸೂಚಿಸಿದ್ದು ಅಷ್ಟು. 10 ಗುಣಿಸು 1460, ಗುಣಿಸು 40: ಸುಮಾರು 584 ಸಾವಿರ ಬೈಟ್ ಒಂದೇ ಕ್ಷಣದಲ್ಲಿ ಸ್ವಿಚ್ ಬಾಗಿಲಿಗೆ. ಅಗ್ಗದ ಸ್ವಿಚ್‌ನ ಬಫರ್ (ಪ್ಯಾಕೆಟ್ ಕಾಯುವ ಜಾಗ) ಅದಕ್ಕೆ ಸಾಲದೆ ಹೋಗಬಹುದು. ಸಾಲದಿದ್ದರೆ ಪ್ಯಾಕೆಟ್ ಬೀಳುತ್ತದೆ. ನಡುವಿನದ್ದು ಬಿದ್ದರೆ ಟಿಸಿಪಿ ಬೇಗ ಸರಿಮಾಡಿಕೊಳ್ಳುತ್ತದೆ. ಆ ಗುಂಪಿನ ಕೊನೆಯ ಪ್ಯಾಕೆಟ್ಟೇ ಬಿದ್ದರೆ ಕೆಲವು ಸಲ ಟೈಮರ್ ಮುಗಿಯುವ ತನಕ ಕಾಯಬೇಕು. ಲಿನಕ್ಸ್‌ನಲ್ಲಿ ಆ ಟೈಮರ್ ಕಡಿಮೆ ಅಂದರೂ 200 ಮಿಲಿಸೆಕೆಂಡ್. ಸರಾಸರಿ ತೆಗೆದರೆ ಎಲ್ಲ ಚೆಂದವೇ ಕಾಣುತ್ತದೆ. ಒದ್ದಾಡೋದು ಆ ನಾಲ್ಕೈದು ಹುಡುಗರು. ಯಾರಿಗೆ ಎಷ್ಟು ತಡ ಅನ್ನೋದು ಭಾಗಾಕಾರದಲ್ಲಿ ಸಿಗಲ್ಲ. ಕ್ಯೂ ಎಷ್ಟು ಉದ್ದ ಇತ್ತು, ಯಾರ ಪ್ಯಾಕೆಟ್ ಮೊದಲು ಬಂತು ಅನ್ನೋದರ ಮೇಲೆ ಹೋಗುತ್ತದೆ. ಸಿಮ್ಯುಲೇಟರ್ ಇರೋದೇ ಇದಕ್ಕೆ.

ಪಠ್ಯದಲ್ಲಿರುವ ಎಂ/ಎಂ/1 ಅನ್ನೋ ಕ್ಯೂ ಸೂತ್ರವನ್ನ ಇಲ್ಲಿ ಹಚ್ಚಬೇಡಿ. ಲಿಂಕ್ ಅರ್ಧ ತುಂಬಿದ್ದರೆ ತಡ ಎರಡು ಪಟ್ಟು, 90 ಶೇಕಡಾ ತುಂಬಿದ್ದರೆ ಹತ್ತು ಪಟ್ಟು ಅನ್ನುತ್ತೆ ಆ ಸೂತ್ರ. ಅದಕ್ಕೆ ಜನ ತಮ್ಮ ಪಾಡಿಗೆ ಬಿಡಿಬಿಡಿಯಾಗಿ ಬರ್ತಿರಬೇಕು. ನಿಮ್ಮಲ್ಲಿ ಗಂಟೆ ಹೊಡೆದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ.

ಉಣಕಲ್_ಲ್ಯಾಬ್
ಸರ್, ಹಾಗಾದ್ರೆ ಅಪ್‌ಲೋಡನ್ನೇ ಸಿಮ್ಯುಲೇಟ್ ಮಾಡ್ತೀನಿ. ಇನ್ನೂ ಏನೇನು ಬದಲಿಸಬೇಕು? ಈಗ ಎಷ್ಟು ಸಲ ಓಡಿಸಿದರೂ ಅದೇ ಉತ್ತರ, ಮೈಕ್ರೋಸೆಕೆಂಡೂ ಆಚೀಚೆ ಇಲ್ಲ.

ಮಾಳಮಡ್ಡಿ_ಮೇಷ್ಟ್ರು
ಎನ್‌ಎಸ್‌-3ರಲ್ಲಿ ಸೀಡ್ ಮತ್ತು ರನ್ ನಂಬರ್ (ರ‍್ಯಾಂಡಮ್ ಸಂಖ್ಯೆ ಹುಟ್ಟಿಸುವ ಮೂಲ) ಅದೇ ಇದ್ದರೆ ಉತ್ತರವೂ ಅದೇ. ರನ್ ನಂಬರ್ ಬದಲಿಸುತ್ತಾ ಹೋಗಿ. ಮಷಿನ್‌ಗಳು ಶುರುವಾಗುವ ಹೊತ್ತನ್ನೂ ಸ್ವಲ್ಪ ಹಿಂದೆಮುಂದೆ ಮಾಡಿ, ಒಂದು ಅರ್ಧ ಸೆಕೆಂಡಿನ ಒಳಗೆ. ಎಲ್ಲರ ಬೆರಳೂ ಒಂದೇ ಕ್ಷಣಕ್ಕೆ ಮೌಸ್ ಒತ್ತಲ್ಲ ಅಲ್ವಾ? ಒಂದೇ ಸಲ ಓಡಿಸಿ ಗ್ರಾಫ್ ಹಾಕಿದವರನ್ನ ನಾನು ವೈವಾದಲ್ಲಿ ಬಿಡಲ್ಲ.

ಟಿಸಿಪಿಯ ಆ ಕನಿಷ್ಠ ಟೈಮರ್ ಎನ್‌ಎಸ್‌-3ರಲ್ಲಿ 1 ಸೆಕೆಂಡ್ ಇರುತ್ತದೆ. ಲ್ಯಾಬಿನಲ್ಲಿ ಲಿನಕ್ಸ್ ಇದ್ದರೆ 200 ಮಿಲಿಸೆಕೆಂಡ್‌ಗೆ ತನ್ನಿ, ಇಲ್ಲದಿದ್ದರೆ ಬಿದ್ದ ಪ್ಯಾಕೆಟ್ಟಿಗೆ ಐದು ಪಟ್ಟು ಶಿಕ್ಷೆ. ಕ್ಯೂ 100 ಪ್ಯಾಕೆಟ್ ಅಂತ ಇರುತ್ತದೆ. ಅದನ್ನ ನಿಮ್ಮ ಸ್ವಿಚ್‌ನ ಡೇಟಾಶೀಟ್ ನೋಡಿ ಬದಲಿಸಿ. ಪೋರ್ಟ್‌ಗಳೆಲ್ಲ ಒಂದೇ ಬಫರ್ ಹಂಚಿಕೊಳ್ಳುವ ಸ್ವಿಚ್ ಆದರೆ ಎನ್‌ಎಸ್‌-3ರ ಮಾದರಿ ಅಲ್ಲೂ ಸ್ವಲ್ಪ ಬೇರೆಯೇ. ರಿಪೋರ್ಟಿನಲ್ಲಿ ಅದನ್ನ ಒಂದು ಸಾಲು ಬರೆದುಬಿಡಿ, ಪರೀಕ್ಷಕರು ಕೇಳುವ ಮೊದಲೇ.

ರಾಣೇಬೆನ್ನೂರ್_ರೂಟರ್
ಅಳತೆಯ ಕಡೆಯಿಂದ ನನ್ನದೂ ಸೇರಿಸಿಕೊಳ್ಳಿ. ಐಪರ್ಫ್‌3 ಸರ್ವರ್ ಒಂದು ಹೊತ್ತಿಗೆ ಒಬ್ಬರ ಟೆಸ್ಟ್ ಮಾತ್ರ ತಗೊಳ್ಳುತ್ತೆ. 40 ಮಷಿನ್‌ನಿಂದ ಒಟ್ಟಿಗೆ ಹೊಡೆದರೆ ಒಬ್ಬರಿಗೆ ಸಿಕ್ಕು ಉಳಿದವರಿಗೆ ಸರ್ವರ್ ಬಿಜಿ ಅನ್ನುತ್ತೆ. 5201ರಿಂದ ಶುರು ಮಾಡಿ ಮಷಿನ್‌ಗೊಂದು ಪೋರ್ಟ್ ಕೊಟ್ಟು 40 ಸರ್ವರ್ ಎಬ್ಬಿಸಿ. ಮೈನಸ್ ಆರ್ ಆಯ್ಕೆ ಹಾಕಿ ಉಲ್ಟಾ ದಿಕ್ಕೂ ಅಳೀರಿ. ಕೆಟ್ಟ ಕೇಬಲ್ ಒಂದು ದಿಕ್ಕಿನಲ್ಲಿ ಚೆನ್ನಾಗಿದ್ದು ಇನ್ನೊಂದು ದಿಕ್ಕಿನಲ್ಲಿ ಕೈಕೊಡಬಹುದು. ಲೋಡ್ ಇರುವಾಗಲೇ ಪಕ್ಕದಲ್ಲಿ ಪಿಂಗ್ (ಹೋಗಿಬರುವ ಹೊತ್ತು ಅಳೆಯೋದು) ಓಡ್ತಿರಲಿ. ಖಾಲಿ ಇದ್ದಾಗ 1 ಮಿಲಿಸೆಕೆಂಡ್ ಒಳಗಿರೋದು ಎಷ್ಟಕ್ಕೆ ಏರುತ್ತೆ ಅಂತ ಬರೆದುಕೊಳ್ಳಿ.

ಹೋಗುವ ತಡ, ಬರುವ ತಡ ಬೇರೆಬೇರೆ ಅಳೆಯೋಕೆ ಹೋಗಬೇಡಿ. ಎರಡು ಮಷಿನ್‌ಗಳ ಗಡಿಯಾರ ಎನ್‌ಟಿಪಿಯಲ್ಲಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸೋದು) ಮಿಲಿಸೆಕೆಂಡ್ ಮಟ್ಟಕ್ಕೆ ಕೂಡುತ್ತೆ, ನೀವು ಅಳೆಯೋದು ಮೈಕ್ರೋಸೆಕೆಂಡ್.

ಇನ್ನೊಂದು ಅನುಕೂಲ ಹೇಳ್ತೀನಿ. ಎನ್‌ಎಸ್‌-3 ಪಿಕ್ಯಾಪ್ ಫೈಲ್ (ಹೋದ ಪ್ಯಾಕೆಟ್‌ಗಳ ದಾಖಲೆ) ಬರೆಯುತ್ತೆ. ಸರ್ವರ್‌ನಲ್ಲಿ ಟಿಸಿಪಿಡಂಪ್ ಬರೆಯೋದೂ ಅದೇ. ಎರಡನ್ನೂ ಆ ದಾಖಲೆ ಓದುವ ವೈರ್‌ಶಾರ್ಕ್‌ನಲ್ಲಿ ಅಕ್ಕಪಕ್ಕ ತೆರೆದು ರೀಟ್ರಾನ್ಸ್‌ಮಿಷನ್ (ಮತ್ತೆ ಕಳಿಸಿದ ಪ್ಯಾಕೆಟ್) ಎಷ್ಟು, ಯಾವ ಹೊತ್ತಿಗೆ ಬಂದವು ಅಂತ ನೋಡಿ. ಒಟ್ಟು ಸಮಯ ಹೊಂದಿದರೆ ಸಾಲದು. ಬೀಳೋದು ಕೂಡ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಆಗಬೇಕು. ಆಗ ನಿಮ್ಮ ಮಾದರಿ ಸರಿ ಅನ್ನಬಹುದು.

ಉಣಕಲ್_ಲ್ಯಾಬ್
ತುಂಬಾ ಥ್ಯಾಂಕ್ಸ್. ಒಂದು ಕೊನೆಯ ಪ್ರಶ್ನೆ. ಪ್ರೆಸ್ ಅಣ್ಣನ ಪ್ರಶ್ನೆಯನ್ನೇ ಗೈಡ್ ಕೂಡ ಕೇಳಿದರು: ಲ್ಯಾಬೇ ಇರುವಾಗ ಸಿಮ್ಯುಲೇಶನ್ ಯಾಕೆ? ಏನು ಹೇಳಲಿ?

ಮಾಳಮಡ್ಡಿ_ಮೇಷ್ಟ್ರು
ಮುಂದಿನ ವರ್ಷ ಪಕ್ಕದ ರೂಮಿನಲ್ಲಿ ಇನ್ನೂ 60 ಮಷಿನ್ ಹಾಕಿದರೆ ಅದೇ ಒಂದು ಕೇಬಲ್ ಸಾಕಾ, ಇಲ್ಲಾ ಎರಡು ಬೇಕಾ ಅಂತ ಅವರನ್ನೇ ಕೇಳಿ. ಇಲ್ಲದ ಮಷಿನ್ ಅಳೆಯೋಕಾಗಲ್ಲ. ಆದರೆ 40ಕ್ಕೆ ಅಳತೆಗೂ ಸಿಮ್ಯುಲೇಶನ್‌ಗೂ ತಾಳೆ ಆಗಿದೆ ಅಂತ ತೋರಿಸಿದ ಮೇಲೆ 100ರ ಮಾತು ಎತ್ತಿ. ತಾಳೆ ಹಾಕದೆ 100ಕ್ಕೆ ಹಾರಿದರೆ ಪ್ರೆಸ್ಸಿನವರು ಹೇಳಿದ್ದೇ ಸರಿ ಆಗುತ್ತೆ. ಗ್ರಾಫ್‌ನಲ್ಲಿ ಸರಾಸರಿ ಗೆರೆ ಒಂದನ್ನೇ ಎಳೆಯಬೇಡಿ, ಮೊದಲು ಮುಗಿಸಿದ ಮಷಿನ್, ಕೊನೆಗೆ ಮುಗಿಸಿದ ಮಷಿನ್ ಎರಡೂ ಕಾಣಲಿ.

ಬೆಟಗೇರಿ_ಪ್ರೆಸ್
60 ಮಷಿನ್ ಮಾತು ಒಪ್ಪಿದೆ ಮೇಷ್ಟ್ರೇ. ನಾವೂ ಮೇಲಿನ ಮಹಡಿಗೆ ಡಿಸೈನ್ ಸೆಕ್ಷನ್ ಏರಿಸೋರಿದ್ದೀವಿ. ತಂಗಿ, ಸ್ಕ್ರಿಪ್ಟ್ ಆದ ಮೇಲೆ ಇಲ್ಲೇ ಹಾಕು, ಮಷಿನ್ ಸಂಖ್ಯೆ ಬದಲಿಸಿ ಓಡಿಸಿ ನೋಡ್ತೀನಿ.

ಬ್ಯಾಡಗಿ_ಬಿಲ್ಲಿಂಗ್
ನಾನು ಕೇಬಲ್ ಎಳೆಸೋಕೆ ರೆಡಿ. ಯಾವ ಕೇಬಲ್ ತರಲಿ?

ಕೊಪ್ಪಿಕರ್_ಕ್ರಿಂಪರ್
ಕ್ಯಾಟ್ 6, ಪೂರ್ತಿ ತಾಮ್ರದ್ದು. ರೇಟ್ ಬಹಳ ಕಡಿಮೆ ಹೇಳಿದರೆ ಅನುಮಾನ ಪಡಿ, ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದದ್ದು ಇರುತ್ತೆ. ಒಂದು ತಂತಿಯ ತುದಿಯನ್ನ ಬ್ಲೇಡಿನಿಂದ ಕೆರೀರಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಕ್ರಿಂಪ್ ಮಾಡಿದವರಿಂದ ಎಂಟೂ ದೀಪ ಹತ್ತೋದನ್ನ ತೋರಿಸಿಕೊಂಡೇ ದುಡ್ಡು ಕೊಡಿ.